ಬೆಣೆ

ಅಪ್ಪನ ಬೆಣೆ ಕಲ್ಲು ಸೀಳುವುದಕ್ಕೆ,
ನನ್ನದು ಕಲ್ಲಿಗೆ ಜೋತುಬೀಳುವುದಕ್ಕೆ.
ಎರಡೂ ಹುಡುಕುವುದು ಅದೇ ಬಿರುಕು.

ಪಾಂಡವಪುರಕ್ಕೆ ಅವನು ಈಗಲೂ ಹಿರೋಡೆ ಅನ್ನುತ್ತಾನೆ.
ಬಂಡೆಗೆ ಕಿವಿ ಆನಿಸಿ
ಸುತ್ತಿಗೆಯ ಹಿಂಬದಿಯಿಂದ ಒಮ್ಮೆ ತಟ್ಟುತ್ತಾನೆ:
ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಟೊಳ್ಳು.
ಅದೊಂದನ್ನು ಅವನಿಂದ ಕಲಿತೆ.
ಉಳಿದದ್ದೆಲ್ಲ ಜಸಿಂತಾಳಿಂದ.
ಮೈಸೂರಿನ ಬನ್ನಿಮಂಟಪದಲ್ಲಿ
ಟೈರ್ ಅಂಗಡಿಯ ಲೆಕ್ಕ ಬರೆಯುವವಳು,
ಭಾನುವಾರ ಏಳರ ಬಸ್ಸಿಗೆ
ಹಗ್ಗದ ಮೂಟೆ ಹೊತ್ತು ಬಂದಿಳಿಯುವವಳು.

ಅವಳ ಕಟ್ಟಳೆ ಚಿಕ್ಕದು:
ಮೊಳೆ ಹೊಡೆಯಬಾರದು, ಇಟ್ಟದ್ದನ್ನು ಬಿಟ್ಟು ಬರಬಾರದು,
ನಾವು ಬಂದಿದ್ದೆವೆಂದು ಕಲ್ಲಿಗೆ ಗೊತ್ತಾಗಬಾರದು.
ಅಪ್ಪ ಕೇಳಿ ನಕ್ಕ, ಬೀಡಿ ಕೆಮ್ಮಿನ ನಗು:
"ಅಂಗಾರೆ ಅತ್ತೋದಾದ್ರೂ ಯಾಕವ್ವ?"

ಮಾಘದ ಬೆಳಿಗ್ಗೆ, ಕುಂತಿಬೆಟ್ಟದ ಹಿಂಬದಿ.
ಬಂಡೆಯ ಬುಡದಲ್ಲಿ ಏಳು ಕುಳಿ, ಸಾಲಾಗಿ.
ತಾತನೋ ಅವನ ಅಣ್ಣನೋ ಉಳಿ ಹಿಡಿದು ಕೊರೆದು
ಯಾಕೋ ಅರ್ಧಕ್ಕೇ ಬಿಟ್ಟು ಹೋದದ್ದು.
ಅದರಲ್ಲೇ ನನ್ನ ಮೊದಲ ಹಿಡಿ.
ಆಲೆಮನೆಯ ಬೆಲ್ಲದ ವಾಸನೆ
ಮೂವತ್ತಡಿಯವರೆಗೆ ಜೊತೆಗೇ ಹತ್ತಿತು,
ಆಮೇಲೆ ಬರಲಿಲ್ಲ.
ಅಲ್ಲಿಂದಾಚೆ ಒಣಗಿದ ಕಲ್ಲುಹೂ, ನನ್ನ ಬೆವರು.
ಒಂದು ಬೆಣೆ, ಎರಡು, ಮೂರು, ನಾಲ್ಕು,
ಪ್ರತಿಯೊಂದನ್ನೂ ಎಳೆದು ನೋಡಿ, ಹಗ್ಗ ತೊಡಿಸಿ,
ಉಬ್ಬು ದಾಟಿ ಮೇಲಿನ ಅಂಚಿಗೆ ಕೈಚಾಚಿದರೆ

ಬೆರಳಿಗೆ ಸಿಕ್ಕಿದ್ದು ಇಲಿಯ ತಲೆಬುರುಡೆ.
ತಲೆ ಎತ್ತಿದೆ. ಕಿತ್ತಳೆ ಬಣ್ಣದ ಎರಡು ಕಣ್ಣು.
ಬರಿಮಣ್ಣಿನ ಮೇಲೆ ಕೂತಿದ್ದ ಕೊಂಬಿನ ಗೂಬೆ
ರೆಕ್ಕೆ ಮೊರದಷ್ಟು ಅಗಲ ಮಾಡಿ
ಕೊಕ್ಕು ಕುಟ್ಟಿತು, ಟಕ್, ಟಕ್,
ಹೊಟ್ಟೆಯ ಕೆಳಗೆ ಬಿಳಿ ಮೊಟ್ಟೆ.

"ಇಳೀತೀನಿ" ಅಂದೆ.
ಯಾಕೆಂದು ಜಸಿಂತಾ ಕೇಳಲಿಲ್ಲ, ಹಗ್ಗ ಬಿಗಿಮಾಡಿದಳು.
ಹತ್ತುವಾಗ ಕಣ್ಣು ಮುಂದೆ, ಇಳಿಯುವಾಗ ಕಾಲಿಗೇ ಕಣ್ಣು.
ನಾಲ್ಕನೆಯದು ಬಂತು.
ಮೂರನೆಯದು ಬಿಡಿಸಿ ಸೊಂಟಕ್ಕೆ ಸಿಕ್ಕಿಸುವಾಗ ಜಾರಿದೆ.
ಎರಡನೆಯದು ನನ್ನ ಐವತ್ತೆರಡು ಕಿಲೋ ಹಿಡಿಯಿತು,
ಹಿಡಿದದ್ದು ಆಮೇಲೆ ಬಿಡಲೇ ಇಲ್ಲ.
ಎಳೆದೆ, ಅಲುಗಿಸಿದೆ, ಬೈದೆ.
ಮೇಲೆ ಇನ್ನೂ ಟಕ್, ಟಕ್.
"ಬಿಡು" ಅಂದಳು ಜಸಿಂತಾ, ಕಟ್ಟಳೆಯ ಒಡತಿ.

ಮೂರೂವರೆ ತಿಂಗಳು.
ದಿನಕ್ಕೆ ಆರು ಸಲ ಮಂಡ್ಯದ ಟ್ರಿಪ್ಪು,
ಟಿಕೆಟ್ ಯಂತ್ರ ಹಿಡಿದು ಫುಟ್‌ಬೋರ್ಡಿನ ಹತ್ತಿರ ನಿಂತವಳಿಗೆ
ಪ್ರತಿ ಸಲವೂ ಕಿಟಕಿಯಲ್ಲಿ ಬೆಟ್ಟ.
ಎರಡು ರೂಪಾಯಿ ಚಿಲ್ಲರೆ ಬಾಕಿ ಉಳಿಸಿಕೊಂಡ ಹಾಗೆ
ಅಲ್ಲೊಂದು ಬೆಣೆ.
ಮರಿಗಳು ಹಾರಿಹೋದವೆಂದು
ಕುರಿ ಮೇಯಿಸುವ ಕಾಳಮ್ಮ ಹೇಳುವವರೆಗೆ
ಆ ದಿಕ್ಕಿಗೆ ಕಾಲಿಡಲಿಲ್ಲ.

ಜೂನ್‌ನಲ್ಲಿ ಅಪ್ಪನೂ ಬಂದ, ಮಂಡಿ ಹಿಡಿದುಕೊಂಡು.
ಕೆಳಗೆ ನಿಂತು, ಹುಬ್ಬಿಗೆ ಕೈಮರೆ ಮಾಡಿ ಕೂಗಿದ:
"ಎಳೀಬ್ಯಾಡ ಕಣವ್ವ. ಅದು ಮ್ಯಾಗಿಂದ ಇಳುದು ಕೂತದೆ,
ಮ್ಯಾಕೇ ಕಳುಸು. ತಳದಿಂದ ಮೆಲ್ಲುಕ್ ತಟ್ಟು."
ತಟ್ಟಿದೆ. ಮೂರನೆಯ ಏಟಿಗೆ
ಹಾಲುಹಲ್ಲಿನ ಹಾಗೆ ಅಂಗೈಗೆ ಬಿತ್ತು.

ಬಿರುಕಿನ ತುಟಿಯಲ್ಲಿ ಮಾತ್ರ ಒಂದು ಗೆರೆ,
ಉಗುರಗಲ, ಬೆಳ್ಳಗೆ, ಹೊಸದು.
ಎಂಜಲು ಹಚ್ಚಿ ಉಜ್ಜಿದೆ, ಹೋಗಲಿಲ್ಲ.
ಕಲ್ಲಿಗೆ ಗೊತ್ತಾಗಿಬಿಟ್ಟಿತ್ತು.
ಬಿಸಿಲಿಗೆ ಕೆಳಗಿನಿಂದಲೂ ಕಾಣುತ್ತಿತ್ತು ಅದು.
ಅಪ್ಪ ನೋಡಿದ. ತನ್ನ ಮೊಣಕಾಲ ಹತ್ತಿರದ
ಏಳು ಕುಳಿಗಳನ್ನೂ ನೋಡಿದ.
"ಮಳೆ ನೋಡ್ಕತದೆ ಬುಡು" ಅಂದ.
ಯಾವುದನ್ನು ಅಂತ ಹೇಳಲಿಲ್ಲ.
ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು
ಮೊದಲ ಕುಳಿಗೆ ಬೆರಳು ತೂರಿಸಿದ.